ಬಾಯ್ಲರ್ ಆರಿಹೋದ ಬೆಳಗ್ಗೆ

ಲೀಡ್ಸ್, ಇಂಗ್ಲೆಂಡ್
ಜನವರಿ 18, ಭಾನುವಾರ

ಪ್ರೀತಿಯ ಅಮ್ಮ, ಅಪ್ಪ,

ಸಂಕ್ರಾಂತಿ ದಿನ ಫೋನಿನಲ್ಲಿ "ಬಾಯ್ಲರ್ ಕೆಟ್ಟಿದೆ, ಆಮೇಲೆ ಮಾಡ್ತೀನಿ" ಅಂತ ಹೇಳಿ ಇಟ್ಟುಬಿಟ್ಟೆ. ಅದಾದ ಮೇಲೆ ಅಮ್ಮ ಅಣ್ಣನಿಗೆ "ಅಲ್ಲಿ ಬಾಯ್ಲರ್ ಒಡೆದಿದೆಯಂತೆ" ಅಂದಳಂತೆ. ಅಣ್ಣ ಅತ್ತಿಗೆಗೆ ಹೇಳಿ, ಅತ್ತಿಗೆ ಚಿಕ್ಕಮ್ಮನಿಗೆ ಹೇಳಿ, ಕೊನೆಗೆ ಚಿಕ್ಕಮ್ಮ ನನಗೆ ಮೆಸೇಜ್ ಹಾಕಿದ್ದು: "ಮನೆಗೆ ಬೆಂಕಿ ಬಿತ್ತಾ?"

ಬೆಂಕಿ ಬೀಳಲಿಲ್ಲ. ಬೆಂಕಿ ಹೊತ್ತಿಕೊಳ್ಳಲಿಲ್ಲ ಅನ್ನೋದೇ ತೊಂದರೆ ಆಗಿದ್ದು. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನೀನು "ಊಟ ಆಯ್ತಾ" ಅಂತ ಕೇಳುತ್ತೀಯ. ಅದಕ್ಕೇ ಪತ್ರ. ಅಣ್ಣನ ಮನೆಯ ವಿಷಯವೂ ಒಂದಿದೆ, ಅದನ್ನು ಕೊನೆಗೆ ಬರೆದಿದ್ದೇನೆ. ಅಲ್ಲಿಯವರೆಗೆ ಓದಿ.

ಅಪ್ಪ, ಬಾಯ್ಲರ್ ಅಂದ ಕೂಡಲೇ ನಿಮಗೆ ರೈಸ್ ಮಿಲ್ಲಿನದು ನೆನಪಾಗುತ್ತೆ ಅಂತ ನನಗೆ ಗೊತ್ತು. ಇದು ಹಾಗಿಲ್ಲ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಒಂದು ಬಿಳಿ ಡಬ್ಬ, ನಮ್ಮ ದೇವರ ಮನೆಯ ಚಿಕ್ಕ ಕಪಾಟಿನಷ್ಟಿದೆ. ಒಳಗೆ ಗ್ಯಾಸ್ ಉರಿಯುತ್ತೆ. ಇದು ಎರಡು ಕೆಲಸ ಮಾಡುತ್ತೆ. ನಲ್ಲಿ ತಿರುಗಿಸಿದರೆ ಆ ಕ್ಷಣಕ್ಕೆ ನೀರು ಬಿಸಿ ಮಾಡಿ ಕೊಡುತ್ತೆ. ಮಿಕ್ಕ ಹೊತ್ತು ಬೇರೆ ನೀರನ್ನು ಕಾಯಿಸಿ, ಪೈಪಿನಲ್ಲಿ ಮನೆಯೆಲ್ಲ ಸುತ್ತಿಸಿ, ಪ್ರತಿ ಕೋಣೆಯ ಗೋಡೆಯಲ್ಲಿರುವ ಕಬ್ಬಿಣದ ರೇಡಿಯೇಟರ್‌ಗಳನ್ನು ಬೆಚ್ಚಗಿಡುತ್ತೆ. ಆ ನೀರು ಕುಡಿಯೋದಲ್ಲ, ಸ್ನಾನಕ್ಕೂ ಅಲ್ಲ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಾ ಇರುತ್ತೆ. ಇಲ್ಲಿ ಇದಕ್ಕೆ ಕಾಂಬಿ ಬಾಯ್ಲರ್ ಅನ್ನುತ್ತಾರೆ. ಪುಟ್ಟಿಗೆ ನಮ್ಮ ಮನೆಯ ಹಂಡೆಯ ಫೋಟೋ ತೋರಿಸಿದ್ದೆ, ನೀರು ತುಂಬುವ ಹಬ್ಬದ ದಿನ ಅಮ್ಮ ಸುಣ್ಣ ಕೆಮ್ಮಣ್ಣು ಬಳಿದು ಹಿಂಡಲೆಕಾಯಿ ಬಳ್ಳಿ ಕಟ್ಟಿದ್ದಳಲ್ಲ, ಅದು. "ಅಜ್ಜಿ ಮನೆ ಬಾಯ್ಲರ್‌ಗೆ ಯಾಕೆ ಹಾರ ಹಾಕಿದ್ದಾರೆ" ಅಂತ ಕೇಳಿದಳು.

ಸರಿ, ಆ ದಿನದ ಕಥೆ. ನೈಟ್ ಡ್ಯೂಟಿ ಮುಗಿಸಿ ಎಂಟು ಗಂಟೆಗೆ ಮನೆಗೆ ಬಂದೆ. ಹೊರಗೆ ಮೈನಸ್ 6. ಬಾಗಿಲು ತೆಗೆದರೆ ಒಳಗೂ ಹೊರಗಿನ ಹಾಗೇ. ಮನೆಯ ಬಿಸಿ ಅಳೆದು ಬಾಯ್ಲರ್ ಹಚ್ಚಿ ಆರಿಸುವ ಥರ್ಮೋಸ್ಟಾಟ್ 11 ಡಿಗ್ರಿ ತೋರಿಸುತ್ತಿತ್ತು. ಪುಟ್ಟಿ ಹಾಸಿಗೆ ಮೇಲೆ ಎರಡು ಸ್ವೆಟರ್, ಟೋಪಿ, ಕಾಲುಚೀಲ ಹಾಕಿಕೊಂಡು ಕೂತಿದ್ದಳು. ಇವರು ಅಡುಗೆಮನೆಯಲ್ಲಿ ಬಾಯ್ಲರ್ ಮುಂದೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಫೋನು, ಅದರಲ್ಲಿ ಯಾರೋ ಒಬ್ಬ ಬಾಯ್ಲರಿನ ಕವರ್ ಬಿಚ್ಚುತ್ತಿರುವ ವಿಡಿಯೋ.

"ಕೆಳಗಿಡಿ ಅದನ್ನ" ಅಂದೆ. ನಿಮ್ಮ ಅಳಿಯ ಇಂಜಿನಿಯರ್ ನಿಜ, ಆದರೆ ಸಾಫ್ಟ್‌ವೇರ್ ಇಂಜಿನಿಯರ್. ಮಿಕ್ಸಿ ಬಿಚ್ಚಿ ಜೋಡಿಸಿದಾಗ ಎರಡು ಸ್ಕ್ರೂ ಮಿಕ್ಕಿದ್ದು ಅಮ್ಮನಿಗೆ ನೆನಪಿರಬೇಕು.

ಈ ಮನೆ ಕೊಂಡು ಎರಡು ವರ್ಷ ಆಯ್ತಲ್ಲ. ಬಾಡಿಗೆ ಮನೆಯಲ್ಲಿದ್ದಾಗ ಏನೇ ಕೆಟ್ಟರೂ ಓನರ್‌ಗೆ ಒಂದು ಫೋನ್ ಮಾಡಿದರಾಯ್ತು, ಸರಿ ಮಾಡಿಸೋದು ಅವರ ತಲೆನೋವು. ಈಗ ನಾವೇ ಓನರ್. ಹಾಗಾಗಿ ಈ ಎರಡು ಚಳಿಗಾಲದಲ್ಲಿ ನಾನು ಸುಮಾರು ಕಲಿತಿದ್ದೇನೆ. ಬಾಯ್ಲರ್ ಕೆಟ್ಟಿದೆ ಅನ್ನುವ ಮುಂಚೆ ನೋಡಬೇಕಾದ ಸಣ್ಣಪುಟ್ಟ ವಿಷಯಗಳು ಎಷ್ಟೋ ಇವೆ. ಎಷ್ಟೋ ಸಲ ಬಾಯ್ಲರ್ ಕೆಟ್ಟೇ ಇರುವುದಿಲ್ಲ. ಗೋಡೆಯ ಥರ್ಮೋಸ್ಟಾಟಿನ ಒಳಗಿರುವ ಪೆನ್ಸಿಲ್ ಸೆಲ್ ಮುಗಿದಿರುತ್ತೆ, ಅಷ್ಟೇ. ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತೆ. ಬಾಯ್ಲರನ್ನು ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸುವ ಟೈಮರ್ ಹಳೆಯದಾಗಿದ್ದರೆ ಅದಕ್ಕೆ ಆ ಸುದ್ದಿ ತಿಳಿಯೋದಿಲ್ಲ, ಒಂದು ಗಂಟೆ ಮುಂಚೆಯೇ ಆರಿಸಿಬಿಡುತ್ತೆ. ನಾವು ಬೆಳಗ್ಗೆ ಚಳಿಯಲ್ಲಿ ನಡುಗುತ್ತಾ ಬಾಯ್ಲರಿಗೆ ಬಯ್ಯುತ್ತೇವೆ. ನನ್ನ ವಾರ್ಡಿನ ಮಂಗಳೂರಿನ ಹುಡುಗಿಯೊಬ್ಬಳು ಬಾಯ್ಲರ್ ರಿಪೇರಿಯ ಇಂಜಿನಿಯರ್‌ನ ಕರೆಸಿ ದುಡ್ಡೂ ಕೊಟ್ಟಳು. ಅವನು ಬಂದು ತೋರಿಸಿದ್ದು ಗ್ಯಾಸ್ ಮೀಟರನ್ನು. ಅವಳದು ಪ್ರಿಪೇಯ್ಡ್ ಮೀಟರ್, ಮೊಬೈಲ್ ಕರೆನ್ಸಿ ಇದ್ದ ಹಾಗೆ. ಕರೆನ್ಸಿ ಖಾಲಿ. ಅದಕ್ಕೆ ನಾನು ಮೊದಲು ಗ್ಯಾಸ್ ಒಲೆ ಹಚ್ಚಿ ನೋಡುತ್ತೇನೆ. ಒಲೆ ಉರಿದರೆ ಗ್ಯಾಸ್ ಬರ್ತಿದೆ ಅಂತ ಅರ್ಥ.

ಆ ದಿನ ಒಲೆ ಉರಿಯಿತು. ಸೆಲ್ಲೂ ಸರಿ ಇತ್ತು.

ಎರಡನೆಯದು ಪ್ರೆಶರ್. ಬಾಯ್ಲರ್ ಕೆಳಗೆ ಒಂದು ಸಣ್ಣ ಮುಳ್ಳಿನ ಗೇಜ್ ಇರುತ್ತೆ. ಸುತ್ತುವ ನೀರು ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಒಂದು ಬಾರ್ ಅಂದರೆ ಹೆಚ್ಚುಕಮ್ಮಿ 10 ಮೀಟರ್ ಎತ್ತರದ ಟ್ಯಾಂಕಿನಿಂದ ನೀರು ಇಳಿಯುವ ಒತ್ತಡ. ಅದು ತೀರಾ ಇಳಿದರೆ ಬಾಯ್ಲರ್ ತಾನೇ ಮುಷ್ಕರ ಹೂಡುತ್ತೆ. ಹೋದ ನವೆಂಬರ್‌ನಲ್ಲಿ ನಮಗೆ ಆಗಿದ್ದು ಇದೇ. ಅಡಿಯಲ್ಲಿ ಬೆಳ್ಳಿ ಜಡೆ ಹೆಣೆದ ಹಾಗಿರುವ ಒಂದು ಪುಟ್ಟ ಪೈಪು ಇದೆ, ಫಿಲ್ಲಿಂಗ್ ಲೂಪ್ ಅನ್ನುತ್ತಾರೆ. ಅದರ ವಾಲ್ವನ್ನು ನಿಧಾನ ತಿರುಗಿಸಿದರೆ ಸರ್ರ್ ಅಂತ ನಲ್ಲಿ ನೀರು ಒಳಗೆ ಹೋಗುತ್ತೆ, ಮುಳ್ಳು ಏರುತ್ತೆ. 1.2ಕ್ಕೆ ಬಂದ ಕೂಡಲೇ ಮುಚ್ಚಬೇಕು. ಎರಡು ನಿಮಿಷದ ಕೆಲಸ, ಸ್ಕ್ರೂಡ್ರೈವರ್ ಬೇಡ. ಮೊದಲ ಸಲ ಮಾಡಿದಾಗ ನನ್ನ ಕೈ ನಡುಗಿತ್ತು. ಈಗ ಹಾಲು ಉಕ್ಕುತ್ತಾ ಅಂತ ನೋಡಿದಷ್ಟೇ ಸಲೀಸು.

ಆದರೆ ತುಂಬಿಸಿದ ನೀರು ಮಾರನೇ ದಿನ ಮತ್ತೆ ಸೊನ್ನೆ. ಮತ್ತೆ ತುಂಬಿಸಿದೆ, ಮತ್ತೆ ಸೊನ್ನೆ. ನೆಲದಲ್ಲಿ ಎಲ್ಲೂ ಒದ್ದೆ ಇಲ್ಲ. ಆಮೇಲೆ ಬಂದ ಇಂಜಿನಿಯರ್ ಒಂದು ಮಾತಿನಲ್ಲಿ ಹೇಳಿದ: "ಕಾದಾಗ ಮುಳ್ಳು ಎಲ್ಲಿಗೆ ಹೋಗುತ್ತೆ, ನೋಡಿದ್ದೀರಾ?" ನೋಡಿರಲಿಲ್ಲ. ಬಾಯ್ಲರ್ ಕಾಯುತ್ತಾ ಹೋದ ಹಾಗೆ ಮುಳ್ಳು 3ರ ಹತ್ತಿರ ಹೋಗುತ್ತಿತ್ತು. ನೀರು ಕಾದರೆ ಹಿಗ್ಗುತ್ತೆ ಅಲ್ವಾ? ಆ ಹಿಗ್ಗುವ ನೀರಿಗೆ ಜಾಗ ಕೊಡಲು ಒಳಗೆ ಒಂದು ಡಬ್ಬಿ, ಅದರಲ್ಲಿ ರಬ್ಬರ್ ಪೊರೆ, ಪೊರೆಯ ಆಚೆ ಗಾಳಿ. ಫುಟ್‌ಬಾಲಿನ ಬ್ಲಾಡರ್ ಇದ್ದ ಹಾಗೆ. ನಮ್ಮದರಲ್ಲಿ ಗಾಳಿ ಇಳಿದುಹೋಗಿತ್ತು. ಹಿಗ್ಗಿದ ನೀರು ಸೇಫ್ಟಿ ವಾಲ್ವ್ ತಳ್ಳಿಕೊಂಡು ಗೋಡೆಯಾಚೆಯ ತಾಮ್ರದ ಪೈಪಿನಿಂದ ಹಿತ್ತಲಿಗೆ ಸುರಿಯುತ್ತಿತ್ತು. ತಣ್ಣಗಾದಾಗ ಒಳಗೆ ನೀರೇ ಇಲ್ಲ. ನಾನು ವಾರಗಟ್ಟಲೆ ಮೇಲಿಂದ ತುಂಬಿಸಿದ್ದು, ಅದು ಕೆಳಗಿಂದ ಚೆಲ್ಲಿದ್ದು. ಗಾಳಿ ತುಂಬಿಸಿ ಸರಿ ಮಾಡಿಕೊಟ್ಟ. ಒಮ್ಮೆ ಇಳಿದರೆ ನಾವು ತುಂಬಿಸಬಹುದು, ಪದೇ ಪದೇ ಇಳಿದರೆ ಕರೆಸಬೇಕು. ಆ ಪಾಠಕ್ಕೆ ನಾನು ತೆತ್ತ ಫೀಸು ರೂಪಾಯಿಯಲ್ಲಿ ಹೇಳಿದರೆ ಅಪ್ಪ ಎದೆ ಹಿಡಿದುಕೊಳ್ಳುತ್ತೀರಿ, ಬಿಡಿ.

ಸಂಕ್ರಾಂತಿ ದಿನ ಪ್ರೆಶರ್ ಕೂಡ ಸರಿಯೇ ಇತ್ತು. ಆದರೆ ಡಬ್ಬದ ಮೇಲೆ ಕೆಂಪು ದೀಪ ಮಿಣಮಿಣ. ರೀಸೆಟ್ ಒತ್ತಿದರೆ ಒಳಗೆ ಫ್ಯಾನ್ ತಿರುಗುತ್ತೆ, ಟಿಕ್ ಟಿಕ್ ಕಿಡಿ ಹಾರುತ್ತೆ, ಬುಸ್ ಅಂತ ಹೊತ್ತಿಕೊಳ್ಳುತ್ತೆ, ಆಮೇಲೆ ಗುಳು ಗುಳು ಗುಳು. ಹುಕ್ಕದಲ್ಲಿ ನೀರು ಎಳೆದ ಹಾಗೆ. ಅಷ್ಟರಲ್ಲಿ ಮತ್ತೆ ಕೆಂಪು ದೀಪ.

ಆ ಗುಳುಗುಳು ಕೇಳಿದ ಮೇಲೆ ನನಗೆ ನೆಮ್ಮದಿ ಆಯ್ತು. ಏನಾಗಿದೆ ಅಂತ ಗೊತ್ತಾಯ್ತು.

ಗ್ಯಾಸ್ ಉರಿದರೆ ನೀರೂ ಹುಟ್ಟುತ್ತೆ, ಅಪ್ಪ. ಹೊಗೆಯ ಜೊತೆ ಆವಿಯಾಗಿ ಹೋಗುತ್ತೆ. ಹಿಂದಿನ ಬಾಯ್ಲರ್‌ಗಳು ಅದನ್ನು ಹಾಗೇ ಹೊರಗೆ ಬಿಡುತ್ತಿದ್ದವು. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಹಾಕುವ ಬಾಯ್ಲರ್ ಆ ಆವಿಯ ಬಿಸಿಯನ್ನೂ ಹಿಂಡಿಕೊಳ್ಳುವಂಥದ್ದು ಇರಬೇಕು ಅಂತ ಕಾನೂನು. ಬಿಸಿ ಕಳೆದುಕೊಂಡ ಆವಿ ನೀರಾಗುತ್ತೆ. ಜೋರು ಉರಿದರೆ ಗಂಟೆಗೆ ಒಂದೆರಡು ಲೀಟರ್. ಸ್ವಲ್ಪ ಹುಳಿ ನೀರು. ಅದು ಒಂದು ಬಿಳಿ ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆ ದಾಟಿ ಹೊರಗಿನ ಮೋರಿಗೆ ಹೋಗುತ್ತೆ. ನಮ್ಮ ಪೈಪು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಮೇಲೆ ಬಟ್ಟೆಬರೆ ಏನೂ ಇಲ್ಲ, ಉತ್ತರದ ಗೋಡೆ. ಮೈನಸ್ 6ರಲ್ಲಿ ಒಳಗಿನ ನೀರು ಮಂಜುಗಡ್ಡೆ ಆಗಿ ಬೂಚು ಹಾಕಿಬಿಟ್ಟಿತ್ತು. ಹೋಗಲು ದಾರಿ ಇಲ್ಲದ ನೀರು ಹಿಂದಕ್ಕೆ ಬಾಯ್ಲರಿನೊಳಗೇ ನಿಂತು ಗುಳುಗುಳು. ಬಾಯ್ಲರ್ ಜಾಣ, ನೀರು ತುಂಬಿದರೆ ಉರಿಯಲ್ಲ ಅಂತ ನಿಂತುಬಿಡುತ್ತೆ. ಬಾಯ್ಲರಿನ ವರ್ಷದ ಕಾಂಟ್ರಾಕ್ಟ್ ತಗೊಂಡವರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿ, "ಶನಿವಾರ ಬರ್ತೀವಿ" ಅಂದರು. ಊರೆಲ್ಲ ಅದೇ ಗೋಳು ಇರಬೇಕು.

ಸರಿ, ನಾವೇ ಶುರು ಮಾಡಿದೆವು. ಕೆಟಲಿನಲ್ಲಿ ನೀರು ಕಾಯಿಸಿ, ತಣ್ಣೀರು ಬೆರೆಸಿ, ಮಗುವಿಗೆ ಸ್ನಾನ ಮಾಡಿಸುವ ಹದಕ್ಕೆ ತಂದೆ. ಕುದಿಯುವ ನೀರು ಹುಯ್ಯಬಾರದು, ಚಳಿಗೆ ಸೆಟೆದ ಪ್ಲಾಸ್ಟಿಕ್ ಪಟ್ ಅಂತ ಸೀಳುತ್ತೆ. ಇವರು ಜಗ್ಗಿನಲ್ಲಿ ಹುಯ್ಯುತ್ತಾ ಬಂದರು, ನಾನು ಪೈಪಿನ ಬಾಗುವ ಜಾಗಕ್ಕೆ ಬಿಸಿನೀರಿನ ರಬ್ಬರ್ ಚೀಲ ಒತ್ತಿ ಹಿಡಿದೆ. ಮಂಜು ಕಟ್ಟೋದು ಹೆಚ್ಚಾಗಿ ಬಾಗಿನಲ್ಲೇ. ಹತ್ತು ನಿಮಿಷಕ್ಕೆ ಬೆರಳಿನ ತುದಿಗಳಲ್ಲಿ ಜೀವ ಇಲ್ಲ. ಆಗ ಅಮ್ಮ, ನೀನು ಪುಟ್ಟಿ ಹುಟ್ಟಿದಾಗ ಕಳಿಸಿದ್ದ ಹಳೇ ಕಾಟನ್ ಸೀರೆಯ ತುಂಡು ಇತ್ತಲ್ಲ, ಹಸಿರು ಚೌಕಳಿಯದ್ದು, ಅದನ್ನು ತಂದು ಚೀಲವನ್ನು ಪೈಪಿಗೆ ಕಟ್ಟಿದೆ. ಬಾಣಂತಿಗೆ ತಲೆ ಕಟ್ಟಿದ ಹಾಗೆ. ಪಕ್ಕದ ಮನೆಯ ಅಜ್ಜ ಕಿಟಕಿಯಿಂದ ನೋಡುತ್ತಾ ಹೆಬ್ಬೆರಳು ಎತ್ತಿದ. ಸುರಿದ ನೀರು ಕಾಲಡಿಯಲ್ಲೇ ಗಾಜಾಗಿ ಇವರು ಒಮ್ಮೆ ಜಾರಿ ಕೂತರು, ಪೆಟ್ಟೇನೂ ಆಗಲಿಲ್ಲ. ಉಪ್ಪು ಎರಚಿದೆವು.

ಮೂರನೇ ಸಲ ಚೀಲ ಬದಲಾಯಿಸುವಾಗ ಪೈಪಿನೊಳಗೆ ಏನೋ ಜಾರಿದ ಸದ್ದು. ಮೋರಿಯಲ್ಲಿ ಕಿರುಬೆರಳಿನ ಗಾತ್ರದ ಮಂಜಿನ ಕಡ್ಡಿ ಬಿತ್ತು, ಹಿಂದೆಯೇ ಗಳಗಳ ನೀರು. ಒಳಗೆ ಓಡಿ ರೀಸೆಟ್ ಒತ್ತಿ ಹಿಡಿದೆ. ಫ್ಯಾನ್, ಟಿಕ್ ಟಿಕ್, ಬುಸ್. ಹಸಿರು ದೀಪ. ಗುಳುಗುಳು ಇಲ್ಲ. ನಾನು ರೇಡಿಯೇಟರ್ ತಬ್ಬಿಕೊಂಡು ನಿಂತಿದ್ದ ಫೋಟೋ ಇವರು ತೆಗೆದಿದ್ದಾರೆ, ಕಳಿಸುವುದಿಲ್ಲ. ನಿನ್ನೆ ಕಾಂಟ್ರಾಕ್ಟಿನವರು ಬಂದು ದಪ್ಪನೆಯ ಪೈಪು ಹಾಕಿ, ಅದಕ್ಕೆ ಸ್ಪಂಜಿನ ಅಂಗಿ ತೊಡಿಸಿ ಹೋದರು.

ಬಿಸಿ ಬಂತು, ಆದರೆ ಮಹಡಿಯಲ್ಲಿ ಪುಟ್ಟಿಯ ಕೋಣೆಯ ರೇಡಿಯೇಟರ್ ಮಾತ್ರ ಕೆಳಗೆ ಬಿಸಿ, ಮೇಲೆ ತಣ್ಣಗೆ. ಅದು ಸುಲಭದ್ದು. ಮೇಲೆ ಗಾಳಿ ಸಿಕ್ಕಿಕೊಂಡಿರುತ್ತೆ. ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ, ಮೂಲೆಯ ಮೂತಿಗೆ ಒಂದು ಹಿತ್ತಾಳೆ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಬೇಕು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಉಸ್ಸ್ ಅನ್ನುತ್ತೆ. ನೀರು ಹನಿದ ಕೂಡಲೇ ಮುಚ್ಚಬೇಕು. ಕೆಳಗೆ ಹಳೇ ಬಟ್ಟೆ ಹಿಡಿಯಬೇಕು, ಬರುವ ನೀರು ಮಸಿ ಕಪ್ಪು, ಕಬ್ಬಿಣದ ತುಕ್ಕು. ಗಾಳಿ ಹೋದಷ್ಟು ಪ್ರೆಶರ್ ಇಳಿಯುತ್ತೆ, ಮತ್ತೆ ಆ ಜಡೆ ಪೈಪಿನಿಂದ ತುಂಬಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಗಾಳಿ ಬಿಟ್ಟು, ಬಾಯ್ಲರ್ ನಿಂತು, ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಉಲ್ಟಾ ಆಗಿ ಮೇಲೆ ಬಿಸಿ ಕೆಳಗೆ ತಣ್ಣಗೆ ಇದ್ದರೆ ಅಡಿಯಲ್ಲಿ ಆ ಕಪ್ಪು ಕೆಸರು ಕೂತಿದೆ ಅಂತ. ಅದನ್ನು ತೊಳೆಸಬೇಕು, ಕೀಲಿಯಿಂದ ಆಗಲ್ಲ.

ಇನ್ನು ನಲ್ಲಿಯಲ್ಲಿ ಬಿಸಿನೀರು ಬರುತ್ತೆ, ರೇಡಿಯೇಟರ್ ಮಾತ್ರ ತಣ್ಣಗೆ, ಅಥವಾ ಇದರ ಉಲ್ಟಾ ಆದರೆ ಡೈವರ್ಟರ್ ವಾಲ್ವ್ ಮೇಲೆ ಅನುಮಾನ. ತೋಟದಲ್ಲಿ ಕಾಲುವೆಗೆ ಒಂದು ಗುದ್ದಲಿ ಮಣ್ಣು ಹಾಕಿ ನೀರನ್ನು ಈ ಸಾಲಿನಿಂದ ಆ ಸಾಲಿಗೆ ತಿರುಗಿಸುತ್ತೀರಲ್ಲ ಅಪ್ಪ, ಆ ಕೆಲಸ ಮಾಡುವ ವಾಲ್ವ್ ಅದು. ಸಿಕ್ಕಿಕೊಂಡರೆ ಒಂದೇ ಕಡೆ ನೀರು. ಲಂಡನ್ನಿನ ಗೆಳತಿಯ ಬಾಯ್ಲರ್ ಕೆಟಲ್ ಕುದಿದ ಹಾಗೆ ಸದ್ದು ಮಾಡುತ್ತಿತ್ತು. ಅಲ್ಲಿಯ ನೀರು ಬೋರ್‌ವೆಲ್ ನೀರಿನ ಹಾಗೆ ಗಡಸು, ಒಳಗೆ ಸುಣ್ಣ ಕಟ್ಟುತ್ತೆ. ಇವೆರಡೂ ಕವರಿನ ಒಳಗಿನ ರೋಗ.

ಕವರಿನ ಒಳಗೆ ನಾವು ಕೈ ಹಾಕುವಂತಿಲ್ಲ. ನಾನು ಇವರ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡದ್ದು ಅದಕ್ಕೇ. ಇಲ್ಲಿ ದುಡ್ಡು ತಗೊಂಡು ಗ್ಯಾಸ್ ಕೆಲಸ ಮಾಡುವವರು ಗ್ಯಾಸ್ ಸೇಫ್ ಅನ್ನುವ ಪಟ್ಟಿಯಲ್ಲಿ ಹೆಸರು ಬರೆಸಿರಲೇಬೇಕು. 2009ಕ್ಕಿಂತ ಮುಂಚೆ ಅದಕ್ಕೆ ಕೋರ್ಗಿ ಅನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಹೇಳುತ್ತಾರೆ. ಅವರ ಹತ್ತಿರ ಫೋಟೋ ಇರುವ ಕಾರ್ಡ್ ಇರುತ್ತೆ, ಹಿಂದುಗಡೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರೆದಿರುತ್ತೆ. ನಾನು ಬಾಗಿಲಲ್ಲೇ ಕೇಳಿ, ತಿರುಗಿಸಿ ನೋಡುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಗ್ಯಾಸ್ ವಾಸನೆ ಬಂದರಂತೂ ರಿಪೇರಿ ಮಾತೇ ಇಲ್ಲ. ಸ್ವಿಚ್ ಮುಟ್ಟದೆ, ಕಿಟಕಿ ತೆಗೆದು, ಮೀಟರಿನ ಹತ್ತಿರದ ಹಿಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿ, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಬೇಕು. ಹಗಲು ರಾತ್ರಿ ಎತ್ತುತ್ತಾರೆ.

ವಾಸನೆ ಬರುವ ಗ್ಯಾಸಿಗಿಂತ ನನಗೆ ಹೆದರಿಕೆ ವಾಸನೆ ಇಲ್ಲದ್ದರದು. ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ, ಕೆಮ್ಮು ಬರೋದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದುಬಿಡುತ್ತೆ, ಅದಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ. ತಲೆನೋವು, ವಾಂತಿ ಬರೋ ಹಾಗೆ, ತಲೆ ಸುತ್ತು. ಜ್ವರ ಇಲ್ಲದ ಫ್ಲೂ ಅನ್ನಿಸುತ್ತೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆಯಲ್ಲ, ಕೋವಿಡ್ ಟೈಮಿನಲ್ಲಿ ಅಪ್ಪ ತಂದಿದ್ದು, ಅದಕ್ಕೂ ರಕ್ತದಲ್ಲಿರುವುದು ಆಮ್ಲಜನಕವೋ ಈ ಗ್ಯಾಸೋ ಅನ್ನೋ ವ್ಯತ್ಯಾಸ ತಿಳಿಯೋದಿಲ್ಲ. ಮನುಷ್ಯ ಕುಸಿಯುತ್ತಿದ್ದರೂ ಅದು ಚೆನ್ನಾಗಿದ್ದಾನೆ ಅಂತ 98 ತೋರಿಸಬಹುದು. ನಮ್ಮ ಅಡುಗೆಮನೆಯಲ್ಲಿ ಇದಕ್ಕಂತಲೇ ಒಂದು ಅಲಾರಂ ಇದೆ. ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡುತ್ತೇನೆ, ಪುಟ್ಟಿ ಕಿವಿ ಮುಚ್ಚಿಕೊಂಡು ಓಡುತ್ತಾಳೆ.

ನಮ್ಮ ಬಾಯ್ಲರ್ ಮನೆಯೊಳಗಿನ ಗಾಳಿ ಮುಟ್ಟುವುದೇ ಇಲ್ಲ. ಗೋಡೆಯಲ್ಲಿ ಪೈಪಿನೊಳಗೆ ಪೈಪು. ಒಂದರಿಂದ ಹೊರಗಿನ ಗಾಳಿ ಬರುತ್ತೆ, ಇನ್ನೊಂದರಿಂದ ಹೊಗೆ ಹೋಗುತ್ತೆ. ಡಬ್ಬ ಒಳಗೆ, ಬೆಂಕಿಯ ಉಸಿರಾಟ ಹೊರಗೆ. ಇಂಜಿನಿಯರ್ ಇದನ್ನು ವಿವರಿಸುವಾಗ ನನಗೆ ನೆನಪಾದದ್ದು ನಮ್ಮ ಬಚ್ಚಲುಮನೆ. ಅಜ್ಜ ಹಂಡೆಯ ಒಲೆ ಬಾಯಿ ಗೋಡೆಯಾಚೆ ಇಟ್ಟಿದ್ದರಲ್ಲ. ಹೊರಗೆ ನಿಂತು ಅಡಿಕೆ ಹಾಳೆ, ಸಿಪ್ಪೆ ತುರುಕೋದು, ಒಳಗೆ ಸ್ನಾನ ಮಾಡೋದು. ಮಳೆಗಾಲದಲ್ಲಿ ನೆನೆಯುತ್ತಾ ಉರಿ ಹಾಕುವಾಗ ನಾನು ಅಜ್ಜನಿಗೆ ಎಷ್ಟು ಬಯ್ದುಕೊಂಡಿದ್ದೆ.

ಈಗ ಅಣ್ಣನ ವಿಷಯ. ದೀಪಾವಳಿಗೆ ಬಂದಾಗ ಬೆಂಗಳೂರಿನ ಅವನ ಹೊಸ ಮನೆಯಲ್ಲಿ ಎರಡು ದಿನ ಇದ್ದೆನಲ್ಲ. ಬಾತ್‌ರೂಮಿನೊಳಗೆ, ಬಾಗಿಲ ಹಿಂದೆ, ಗ್ಯಾಸ್ ಗೀಸರ್ ಇದೆ. ಹೊಗೆ ಹೋಗಲು ಪೈಪಿಲ್ಲ. ಚಳಿ ಅಂತ ಕಿಟಕಿಯ ಗಾಜಿನ ಪಟ್ಟಿಗಳಿಗೆ ಅತ್ತಿಗೆ ಪ್ಲಾಸ್ಟಿಕ್ ಅಂಟಿಸಿದ್ದಾಳೆ. ನಾನು ಸ್ನಾನ ಮಾಡಿ ಬಂದಾಗ ತಲೆ ಭಾರ ಆಗಿತ್ತು, ಪ್ರಯಾಣದ ಸುಸ್ತು ಅಂದುಕೊಂಡೆ. ಈಗ ಯೋಚನೆ ಮಾಡಿದರೆ ಮೈ ಜುಂ ಅನ್ನುತ್ತೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ಪೇಪರಿನಲ್ಲಿ ಓದುತ್ತೇವಲ್ಲ, ಆ ಮನೆಗಳಲ್ಲಿ ಇದ್ದದ್ದು ಇಂಥದ್ದೇ ಗೀಸರ್. ಅಲ್ಲಿ ಸಿಲಿಂಡರಿನ ಗ್ಯಾಸು, ಇಲ್ಲಿ ಪೈಪಿನ ಗ್ಯಾಸು. ಇಲ್ಲಿಯದು ಸೋರಿದರೆ ಗಾಳಿಗಿಂತ ಹಗುರ, ಮೇಲೆ ಹೋಗುತ್ತೆ. ಅಲ್ಲಿಯದು ಭಾರ, ನೆಲದಲ್ಲೇ ಹರಡುತ್ತೆ. ಆದರೆ ಮುಚ್ಚಿದ ಕೋಣೆಯಲ್ಲಿ ಉರಿದರೆ ಎರಡೂ ಒಂದೇ.

ನಾನು ಹೇಳಿದ್ದಕ್ಕೆ ಅಣ್ಣ "ಇಷ್ಟು ದಿನ ಏನೂ ಆಗಿಲ್ಲವಲ್ಲ" ಅಂದ. ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೀನಿ ಅಂದ. ಅದು ಸಾಲದು. ಗೀಸರನ್ನೇ ಬಾತ್‌ರೂಮಿನಿಂದ ತೆಗೆದು ಹಿಂದಿನ ಯುಟಿಲಿಟಿಯಲ್ಲಿ, ಗಾಳಿ ಆಡುವ ಕಡೆ ಹಾಕಿಸಿ, ಬರೀ ಬಿಸಿನೀರಿನ ಪೈಪನ್ನು ಗೋಡೆ ಕೊರೆದು ಒಳಗೆ ತರಬೇಕು. ಇಲ್ಲವೇ ಕರೆಂಟಿನ ಗೀಸರ್ ಹಾಕಿಸಲಿ. ಅಲ್ಲಿಯವರೆಗೆ ಬಕೆಟ್ಟಿಗೆ ನೀರು ಹಿಡಿದು, ಗೀಸರ್ ಆರಿಸಿ, ಬಾಗಿಲು ತೆಗೆದಿಟ್ಟು ಗಾಳಿ ಆಡಿದ ಮೇಲೆ ಸ್ನಾನ ಮಾಡಲಿ. ಕಿಟಕಿಯ ಪ್ಲಾಸ್ಟಿಕ್ ಇವತ್ತೇ ಕಿತ್ತುಹಾಕಲಿ.

ಅಪ್ಪ, ಅವನು ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾನೆ. ಮುಂದಿನ ವಾರ ಅಡಿಕೆ ಲೆಕ್ಕಕ್ಕೆ ಊರಿಗೆ ಬರ್ತಾನಂತೆ. ಅವನನ್ನು ಬಚ್ಚಲುಮನೆ ಹಿಂದೆ ಕರೆದುಕೊಂಡು ಹೋಗಿ, ಒಲೆ ಬಾಯಿ ತೋರಿಸಿ ಹೇಳಿ. ಅವನು ಚಿಕ್ಕವನಿದ್ದಾಗ ಉರಿ ಹಾಕಿದ್ದು ಅಲ್ಲೇ ಅಲ್ವಾ. ಪ್ಲಂಬರ್‌ಗೆ ಕೊಡುವ ದುಡ್ಡು ನಾನು ಕಳಿಸುತ್ತೇನೆ, ಅವನಿಗೆ ಹೇಳಬೇಡಿ.

ಅಮ್ಮ, ಚಳಿಗೆ ಮೊಣಕಾಲು ನೋವು ಹೇಗಿದೆ? ಸೀರೆ ತುಂಡು ಒಗೆದು ರೇಡಿಯೇಟರ್ ಮೇಲೆ ಒಣಗಲು ಹಾಕಿದ್ದೇನೆ. ಒಂದು ಮೂಲೆ ಹರಿದಿದೆ. ಯಾರಾದರೂ ಈ ಕಡೆ ಬರುವವರಿದ್ದರೆ ಅಂಥದ್ದೇ ಇನ್ನೊಂದೆರಡು ಹಳೇ ಸೀರೆ ಕಳಿಸು, ಹೊಸದು ಬೇಡ.

ನಿಮ್ಮ ಮಗಳು